ಓಟು ಹಾಕೋಕೂ ಗ್ರ್ಯಾಂಟ್ ಬೇಕಾ ಅಂದ ಅಣ್ಣನಿಗೆ



ಪೋಸ್ಟ್ ಉದ್ದ ಇದೆ. ಪುರುಸೊತ್ತಿದ್ದವರು ಓದಿ, ಇಲ್ಲದವರು ಸೇವ್ ಮಾಡಿಟ್ಟುಕೊಳ್ಳಿ. ಓದದೆ ಲೈಕ್ ಮಾತ್ರ ಒತ್ತಬೇಡಿ.

ಕಳೆದ ಭಾನುವಾರ ನಮ್ಮ ಅಧ್ಯಯನ ಕೂಟಕ್ಕೆ ಹುಡುಗನೊಬ್ಬ ಅಮೆರಿಕದ ಒಂದು ವಿಷಯ ತಂದಿದ್ದ. ಅಲ್ಲಿನ ಕಪ್ಪು ಗಂಡಸರು ಮತದಾರರ ಪಟ್ಟಿಗೆ ಹೆಸರು ಸೇರಿಸೋದಕ್ಕೆ, ಓಟು ಹಾಕೋದಕ್ಕೆ, ನಗರಸಭೆಗೋ ಶಾಲಾ ಮಂಡಳಿಗೋ ಹೋಗಿ ಎದ್ದುನಿಂತು ಮಾತಾಡೋದಕ್ಕೆ ಮುಂದೆ ಬರುವಂತೆ ಮಾಡುವ ಕೇರಿ ಮಟ್ಟದ ಸಂಘಗಳಿಗೆ ದೊಡ್ಡ ಫೌಂಡೇಶನ್‌ಗಳು ಅನುದಾನ ಕೊಡುತ್ತವೆ ಅನ್ನೋದು ವಿಷಯ. ಅವನು ಮುಗಿಸೋದಕ್ಕೆ ಮೊದಲೇ ನಮ್ಮ ಹಿರಿಯರೊಬ್ಬರು ಟೀ ಲೋಟ ಕೆಳಗಿಟ್ಟು, "ಓಟು ಹಾಕೋಕೂ ಗ್ರ್ಯಾಂಟ್ ಬೇಕೇನಪ್ಪಾ ಅವರಿಗೆ? ನಾವು ಜೋಳಿಗೆ ಹಿಡ್ಕೊಂಡು ಚಳವಳಿ ಕಟ್ಟಿದೋರು. ದುಡ್ಡು ಬಂದ ಕಡೆ ಚಳವಳಿ ಉಳಿಯಲ್ಲ" ಅಂದರು. ಎಲ್ಲರೂ ನಕ್ಕರು. ನಾನೂ ನಕ್ಕೆ. ಹುಡುಗ ಕಾಗದ ಮಡಚಿ ಜೇಬಿಗಿಟ್ಟುಕೊಂಡ.

ಆ ನಗು ನನಗೆ ವಾರವೆಲ್ಲ ಚುಚ್ಚಿದೆ. ಅಣ್ಣನ ಹೆಸರು ಹಾಕಲ್ಲ, ಮೂವತ್ತು ವರ್ಷ ಚಳವಳಿಗೆ ಜೀವ ಸವೆಸಿದವರು, ಅವರ ಮೇಲೆ ನನಗೆ ಗೌರವ ಇದೆ. ಆದರೆ ಅಣ್ಣಾ, ಈ ಮಾತಿನಲ್ಲಿ ನೀವು ತಪ್ಪು. ಎದುರಿಗೆ ಹೇಳೋ ಧೈರ್ಯ ಭಾನುವಾರ ಆಗಲಿಲ್ಲ. ಇಲ್ಲಿ ಹೇಳ್ತೀನಿ.

ಓಟು ಬಿಟ್ಟಿ ಅಂತ ನಾವು ಅಂದ್ಕೊಂಡಿದ್ದೀವಿ. ನಮ್ಮಲ್ಲಿ ಬಿಎಲ್‌ಒ ಮನೆ ಬಾಗಿಲಿಗೆ ಬರ್ತಾರೆ, ಓಟಿನ ದಿನ ರಜೆ ಇರುತ್ತೆ. ಅಮೆರಿಕದಲ್ಲಿ ಬಹಳಷ್ಟು ರಾಜ್ಯಗಳಲ್ಲಿ ಹೆಸರು ಸೇರಿಸುವ ಹೊಣೆ ಓಟುದಾರನದೇ. ರಾಷ್ಟ್ರೀಯ ಚುನಾವಣೆ ಬರೋದು ಮಂಗಳವಾರ, ಅದಕ್ಕೆ ದೇಶಕ್ಕೆಲ್ಲ ಒಂದು ರಜೆ ಅಂತ ಇಲ್ಲ. ದಿನಗೂಲಿಯವನು ಸಾಲಿನಲ್ಲಿ ಮೂರು ಗಂಟೆ ನಿಂತರೆ ಮೂರು ಗಂಟೆಯ ಕೂಲಿ ಹೋಯ್ತು. ಜಾರ್ಜಿಯಾ ರಾಜ್ಯ 2021ರಲ್ಲಿ ಒಂದು ಕಾನೂನು ಮಾಡಿತು: ಮತಗಟ್ಟೆಯ 150 ಅಡಿ ಒಳಗೆ ಸಾಲಿನಲ್ಲಿ ನಿಂತವರಿಗೆ ಹೊರಗಿನವರು ನೀರಿನ ಬಾಟಲಿ ಕೊಟ್ಟರೂ ಅದು ಅಪರಾಧ. ನೀರು, ಅಣ್ಣಾ. ಮಹಾಡ್‌ನ ಕೆರೆಯ ಕತೆಯನ್ನು ಮಕ್ಕಳಿಗೆ ಹೇಳಿಕೊಂಡು ಬಂದ ನಮಗೆ ಇದು ಬೇರೆ ದೇಶದ ಸುದ್ದಿ ಅನ್ನಿಸಬಾರದಿತ್ತು.

ಇದೆಲ್ಲ ಈಚಿನದು. ಹಿಂದೆ ನೋಡಿ. ಮಿಸಿಸಿಪ್ಪಿಯಲ್ಲಿ ಓಟಿಗೆ ತಲೆಗಂದಾಯ ಇತ್ತು, ವರ್ಷಕ್ಕೆ ಎರಡು ಡಾಲರ್. ಹತ್ತಿ ಬಿಡಿಸಿ ಬದುಕುವವನಿಗೆ ಅದು ಸಣ್ಣ ಮೊತ್ತ ಅಲ್ಲ. ಹ್ಯಾಟೀಸ್‌ಬರ್ಗ್ ಊರಿನ ಹತ್ತಿರ ವರ್ನನ್ ಡಾಮರ್ ಅನ್ನೋ ಕಪ್ಪು ಮನುಷ್ಯ ಇದ್ದರು. ಜಮೀನು, ಮರ ಕೊಯ್ಯುವ ಮಿಲ್ಲು, ದಿನಸಿ ಅಂಗಡಿ ಇಟ್ಟುಕೊಂಡವರು. 1966ರ ಜನವರಿಯಲ್ಲಿ ಅವರು ರೇಡಿಯೋದಲ್ಲಿ ಒಂದು ಮಾತು ಹೇಳಿಸಿದರು: ನನ್ನ ಅಂಗಡಿಗೆ ಬಂದು ತಲೆಗಂದಾಯ ಕಟ್ಟಿ ಹೋಗಿ, ಕಟ್ಟಲಾಗದವರದ್ದನ್ನು ನಾನು ಕಟ್ತೀನಿ. ಅದಾದ ರಾತ್ರಿಯೇ ಕ್ಲ್ಯಾನ್‌ನವರು ಅವರ ಮನೆಗೂ ಅಂಗಡಿಗೂ ಬೆಂಕಿ ಹಾಕಿದರು. ಹೆಂಡತಿ ಮಕ್ಕಳನ್ನು ಹೊರಗೆ ಕಳಿಸಿ ಒಳಗಿಂದ ಗುಂಡು ಹಾರಿಸುತ್ತಾ ನಿಂತ ಡಾಮರ್, ಹೊಗೆ ಕುಡಿದು ಶ್ವಾಸಕೋಶ ಸುಟ್ಟು ಮಾರನೇ ದಿನ ತೀರಿಕೊಂಡರು. ಅವರ ನಾಲ್ಕು ಗಂಡುಮಕ್ಕಳು ಆಗ ಅದೇ ದೇಶದ ಸೈನ್ಯದಲ್ಲಿದ್ದರು. ಅವರ ಸ್ವಂತ ಮತದಾರರ ಕಾರ್ಡು ಬಂದದ್ದು ಅವರು ಸತ್ತ ಮೇಲೆ. ಅವರ ಹೆಂಡತಿ ಎಲ್ಲೀ ಡಾಮರ್ ಮುಂದೆ ಅದೇ ಜಿಲ್ಲೆಯಲ್ಲಿ ಚುನಾವಣಾ ಕಮಿಷನರ್ ಆಗಿ ವರ್ಷಗಟ್ಟಲೆ ಕೆಲಸ ಮಾಡಿದರು, ಅದನ್ನೂ ಹೇಳಬೇಕು. ಬೆಂಕಿ ಹಾಕಿಸಿದ ಕ್ಲ್ಯಾನ್ ನಾಯಕನಿಗೆ ಶಿಕ್ಷೆ ಆಗಲು 1998 ಬರಬೇಕಾಯ್ತು.

ನಾಗರಿಕ ಭಾಗವಹಿಸುವಿಕೆಗೆ ಅನುದಾನ ಅಂದರೆ ಏನು ಅಂತ ಕೇಳಿದಿರಲ್ಲ. ಇದು. ಬೇರೆಯವನ ಓಟಿಗೆ ಅಡ್ಡ ನಿಂತ ಎರಡು ಡಾಲರ್ ನಾನು ಕೊಡ್ತೀನಿ ಅನ್ನೋದು. ಅವರ ಮನೆ ಸುಟ್ಟದ್ದು ಭಾಷಣ ಮಾಡಿದ್ದಕ್ಕಲ್ಲ, ದುಡ್ಡು ಕೊಡ್ತೀನಿ ಅಂದದ್ದಕ್ಕೆ. ಸುಟ್ಟವರಿಗೆ ಆ ದುಡ್ಡಿನ ಬೆಲೆ ನಮಗಿಂತ ಚೆನ್ನಾಗಿ ಗೊತ್ತಿತ್ತು.

ಗ್ರೀನ್‌ವುಡ್ ಅಂತ ಅದೇ ರಾಜ್ಯದ ಇನ್ನೊಂದು ಊರು. 1962ರಲ್ಲಿ ಕಪ್ಪು ಜನ ನೋಂದಣಿ ಕಚೇರಿಗೆ ಹೋಗೋಕೆ ಶುರು ಮಾಡಿದ ಮೇಲೆ ಆ ಜಿಲ್ಲೆಯ ಆಡಳಿತ ಬಡವರಿಗೆ ಹಂಚುತ್ತಿದ್ದ ಕೇಂದ್ರದ ರೇಷನ್ ನಿಲ್ಲಿಸಿತು. ಚಳಿಗಾಲ, ಹತ್ತಿ ಕೆಲಸ ಇಲ್ಲದ ತಿಂಗಳು. ಚಳವಳಿಯ ಹುಡುಗರು ಓಟಿನ ಫಾರಂ ಪಕ್ಕಕ್ಕಿಟ್ಟು ಊರೂರಿನಿಂದ ಹಿಟ್ಟು, ಬೇಳೆ, ಹಾಲಿನ ಪುಡಿ ಕೂಡಿಸಿದರು. ಹಾಸ್ಯಗಾರ ಡಿಕ್ ಗ್ರೆಗರಿ 1963ರ ಫೆಬ್ರವರಿಯಲ್ಲಿ ವಿಮಾನದಲ್ಲಿ ಆರು ಟನ್ನಿಗೂ ಮಿಕ್ಕಿ ಆಹಾರ ತಂದರು. ಅಲಬಾಮಾದ ಲೌಂಡ್ಸ್ ಜಿಲ್ಲೆಯಲ್ಲಿ ಹೆಸರು ನೋಂದಾಯಿಸಿದ ಗೇಣಿದಾರರನ್ನು ಜಮೀನುದಾರರು ಒಕ್ಕಲೆಬ್ಬಿಸಿದರು, ಅವರು ಹೆದ್ದಾರಿ ಪಕ್ಕ ಟೆಂಟ್ ಹಾಕಿಕೊಂಡು ಬದುಕಿದರು. ಆ ಟೆಂಟಿಗೆ, ಆ ಜಾಗಕ್ಕೆ, ಆ ಗಂಜಿಗೆ ದುಡ್ಡು ಬೇಕಿತ್ತು. ಓಟು ಹಾಕಿದ್ದಕ್ಕೆ ಕೂಲಿ ಕಳಕೊಂಡವನ ಮುಂದೆ ಸ್ವಾಭಿಮಾನದ ಭಾಷಣ ಮಾಡಿ ಬರಿಗೈಲಿ ವಾಪಸ್ ಬರೋದು ಸುಲಭ, ಮಾಡಬಾರದು.

ಹಾಗಂತ ದುಡ್ಡು ಕೊಟ್ಟವರೆಲ್ಲ ದೇವರು ಅಂತ ನಾನು ಹೇಳ್ತಿಲ್ಲ. ನಾನು ಹೊಟ್ಟೆಪಾಡಿಗೆ ಗುಮಾಸ್ತ. ಇಪ್ಪತ್ತು ವರ್ಷದಿಂದ ಅನುದಾನದ ಕಡತ ನೋಡ್ತಾ ಬಂದಿದ್ದೀನಿ. ಮಂಜೂರಾತಿ ಆದೇಶ, ಎರಡನೇ ಕಂತು, ಬಳಕೆ ಪ್ರಮಾಣ ಪತ್ರ, ಆಡಿಟ್ ಆಕ್ಷೇಪಣೆ, ಮಾರ್ಚ್ 31ರ ರಾತ್ರಿ ಹತ್ತು ಗಂಟೆಗೆ ಬಿಲ್ಲಿಗೆ ಓಡಾಟ, ಎಲ್ಲಾ ಗೊತ್ತು. ದುಡ್ಡಿನ ಜತೆ ಒಂದು ಹಗ್ಗ ಬರುತ್ತೆ. ಹಗ್ಗದ ತುದಿ ಯಾರ ಕೈಲಿದೆ ಅಂತ ನೋಡೋದೇ ನನ್ನ ಕೆಲಸ. ಜಗಳ ಆಡಬೇಕಾದ್ದೂ ಅಲ್ಲೇ.

ಒಳ್ಳೆಯ ಉದಾಹರಣೆ ಮೊದಲು. ಸೌತ್ ಕೆರೊಲಿನಾದ ಜಾನ್ಸ್ ಐಲೆಂಡ್ ಅನ್ನೋ ದ್ವೀಪದಲ್ಲಿ ಈಸಾ ಜೆಂಕಿನ್ಸ್ ಅಂತ ಒಬ್ಬರು ಬಸ್ಸು ಓಡಿಸುತ್ತಿದ್ದರು. ಬೆಳಿಗ್ಗೆ ದ್ವೀಪದ ಜನರನ್ನು ಚಾರ್ಲ್ಸ್‌ಟನ್‌ಗೆ ಕೆಲಸಕ್ಕೆ ಕರಕೊಂಡು ಹೋಗುವಾಗ ದಾರಿಯಲ್ಲೇ ರಾಜ್ಯ ಸಂವಿಧಾನ ಓದೋದು ಹೇಳಿಕೊಡುತ್ತಿದ್ದರು. ಯಾಕೆಂದರೆ ಅದನ್ನು ಓದಿ ತೋರಿಸದೆ ಓಟು ಸಿಗುತ್ತಿರಲಿಲ್ಲ. ಅವರ ಸಂಘಕ್ಕೆ ಜಾಗ ಬೇಕಾಯ್ತು. ಟೆನೆಸ್ಸೀಯ ಹೈಲ್ಯಾಂಡರ್ ಶಾಲೆ 1,500 ಡಾಲರ್ ಬಡ್ಡಿ ಇಲ್ಲದ ಸಾಲ ಕೊಟ್ಟಿತು. ಹಳೆ ಶಾಲೆ ಕಟ್ಟಡ ಕೊಂಡರು. ಮುಂದೆ ದಿನಸಿ ಅಂಗಡಿ, ಹಿಂದಿನ ಕೋಣೆಯಲ್ಲಿ ಪಾಠ. ಬಿಳಿಯರ ಕಣ್ಣಿಗೆ ಬೀಳದಿರಲಿ ಅಂತ ಹಾಗೆ. 1957ರ ಜನವರಿಯಲ್ಲಿ ಶುರುವಾದ ಮೊದಲ ತರಗತಿಗೆ ಹದಿನಾಲ್ಕು ಜನ ಬಂದರು, ಅದರಲ್ಲಿ ಗಂಡಸರು ಮೂವರೇ. ಮೇಡಂ ಯಾರು ಗೊತ್ತಾ? ಬರ್ನಿಸ್ ರಾಬಿನ್ಸನ್, ಬ್ಯೂಟಿ ಪಾರ್ಲರ್ ನಡೆಸುತ್ತಿದ್ದವರು. ಡಿಗ್ರಿ ಇದ್ದ ಟೀಚರ್ ಬೇಕಂತಲೇ ತಂದಿರಲಿಲ್ಲ, ಕಲಿಯೋರಿಗೆ ನಾಚಿಕೆ ಆಗಬಾರದು ಅಂತ. ಆ ಒಂದು ಹಿಂದಿನ ಕೋಣೆಯಿಂದ ಹೊರಟ ಪೌರತ್ವ ಶಾಲೆಗಳು ದಕ್ಷಿಣದ ರಾಜ್ಯಗಳಿಗೆಲ್ಲ ಹಬ್ಬಿದವು. ಕೊಟ್ಟವರು ಸಾಲ ಅಂತ ಕೊಟ್ಟರು, ತಗೊಂಡವರು ಅಂಗಡಿ ವ್ಯಾಪಾರದಿಂದ ತೀರಿಸಿದರು. ಏನು ಕಲಿಸಬೇಕು ಅಂತ ತೀರ್ಮಾನಿಸಿದ್ದು ಕೇರಿಯವರು.

ನಮ್ಮ ಬಾಬಾಸಾಹೇಬರು 1920ರಲ್ಲಿ 'ಮೂಕನಾಯಕ' ಪತ್ರಿಕೆ ತಂದಾಗ ಕೊಲ್ಹಾಪುರದ ಶಾಹು ಮಹಾರಾಜರು 2,500 ರೂಪಾಯಿ ಕೊಟ್ಟಿದ್ದರು. ಆ ಕಾಲದ 2,500. ಬಾಬಾಸಾಹೇಬರ ಬಾಯಿ ಕಟ್ಟಿತಾ ಅದರಿಂದ? ಹೇಳಿ ಅಣ್ಣಾ.

ಈಗ ಹಗ್ಗದ ಕತೆ. 1962ರಲ್ಲಿ ಟಕೋನಿಕ್, ಫೀಲ್ಡ್ ಮುಂತಾದ ಫೌಂಡೇಶನ್‌ಗಳ ದುಡ್ಡಿನಲ್ಲಿ ವೋಟರ್ ಎಜುಕೇಶನ್ ಪ್ರಾಜೆಕ್ಟ್ ಅಂತ ಶುರುವಾಯ್ತು. ಕೆನಡಿ ಸರ್ಕಾರದ ಒತ್ತಾಸೆ ಹಿಂದಿತ್ತು. ಬೀದಿಯಲ್ಲಿ ಬಸ್ಸು ಹತ್ತಿ ಪೆಟ್ಟು ತಿನ್ನೋ ಹುಡುಗರು ನೋಂದಣಿಯ ಕಡೆ ತಿರುಗಲಿ ಅನ್ನೋ ಲೆಕ್ಕ ಅವರದ್ದು. ಆದರೂ ಕೆಲಸ ಆಯ್ತು. ಎರಡೂವರೆ ವರ್ಷದಲ್ಲಿ ದಕ್ಷಿಣದಲ್ಲಿ ಏಳು ಲಕ್ಷದ ಹತ್ತಿರ ಹತ್ತಿರ ಹೊಸ ಕಪ್ಪು ಮತದಾರರು ಪಟ್ಟಿಗೆ ಬಂದರು. ಮಿಸಿಸಿಪ್ಪಿಯಲ್ಲಿ ಮಾತ್ರ ನಾಲ್ಕು ಸಾವಿರವೂ ಆಗಲಿಲ್ಲ. ಗುಂಡೇಟು, ಜೈಲು, ಕೆಲಸದಿಂದ ಕಿತ್ತುಹಾಕೋದು ಎಲ್ಲ ಅಲ್ಲೇ ಜಾಸ್ತಿ. 1963ರ ಕೊನೆಗೆ ಆ ಪ್ರಾಜೆಕ್ಟ್ ಮಿಸಿಸಿಪ್ಪಿಗೆ ದುಡ್ಡು ನಿಲ್ಲಿಸಿತು. ಖರ್ಚಿಗೆ ತಕ್ಕ ಫಲಿತಾಂಶ ಇಲ್ಲ ಅಂತ.

ಈ ವಾಕ್ಯ ನನಗೆ ಎಷ್ಟು ಪರಿಚಿತ! ನನ್ನ ಮೇಜಿನ ಮೇಲೆ ವಾರಕ್ಕೊಮ್ಮೆ ಬರುತ್ತೆ: "ಗುರಿ ಸಾಧನೆ ಶೇಕಡಾವಾರು ಕಡಿಮೆ ಇರುವುದರಿಂದ ಮುಂದಿನ ಕಂತನ್ನು ತಡೆಹಿಡಿಯಲಾಗಿದೆ." ಗುರಿ ಸಾಧನೆ ಕಡಿಮೆ ಯಾಕಾಯ್ತು ಅಂತ ಬರೆಯೋಕೆ ಆ ನಮೂನೆಯಲ್ಲಿ ಕಾಲಂ ಇರಲ್ಲ. ಯಾವ ರಾಜ್ಯದಲ್ಲಿ ಅತಿ ಹೆಚ್ಚು ಬೇಕಿತ್ತೋ ಅಲ್ಲಿಂದಲೇ ದುಡ್ಡು ಎದ್ದು ಹೋಯ್ತು. ಚಳವಳಿ ನಿಲ್ಲಲಿಲ್ಲ. ಮುಂದಿನ ಬೇಸಿಗೆಯಲ್ಲಿ ಫ್ರೀಡಂ ಸಮ್ಮರ್ ಆಯ್ತು, ಮೂವರು ಹುಡುಗರ ಹೆಣ ಮಣ್ಣಿನ ಒಡ್ಡಿನ ಕೆಳಗೆ ಸಿಕ್ಕಿತು, 1965ರಲ್ಲಿ ಮತದಾನ ಹಕ್ಕು ಕಾಯ್ದೆ ಬಂತು. ಆ ಕಾಯ್ದೆಗೆ ಮೊದಲು ಮಿಸಿಸಿಪ್ಪಿಯಲ್ಲಿ ನೋಂದಣಿಯಾಗಿದ್ದ ಕಪ್ಪು ವಯಸ್ಕರು ನೂರಕ್ಕೆ ಏಳು ಮಂದಿಯೂ ಇರಲಿಲ್ಲ, 1967ರ ಹೊತ್ತಿಗೆ ಅರವತ್ತರ ಹತ್ತಿರ. ದುಡ್ಡು ಕೊಟ್ಟವರು ಇನ್ನೆರಡು ವರ್ಷ ಕಾಯಲಿಲ್ಲ.

ಇನ್ನೊಂದು ಕತೆ ಇದಕ್ಕಿಂತ ಮುಖ್ಯ. ನಮ್ಮ ಹುಡುಗರು ಇದನ್ನ ಕಂಠಪಾಠ ಮಾಡಬೇಕು.

1967. ಕ್ಲೀವ್‌ಲ್ಯಾಂಡ್ ನಗರ. ಫೋರ್ಡ್ ಫೌಂಡೇಶನ್ ಅಲ್ಲಿನ ಕೋರ್ ಅನ್ನೋ ಕಪ್ಪು ಸಂಘಟನೆಗೆ 1,75,000 ಡಾಲರ್ ಅನುದಾನ ಕೊಟ್ಟಿತು. ಅದರಲ್ಲಿ ಒಂದು ಭಾಗ ಕಪ್ಪು ಕೇರಿಗಳಲ್ಲಿ ಮತದಾರರ ನೋಂದಣಿಗೆ ಹೋಯ್ತು. ಅದೇ ವರ್ಷ ನವೆಂಬರ್‌ನಲ್ಲಿ ಕಾರ್ಲ್ ಸ್ಟೋಕ್ಸ್ ಮೇಯರ್ ಆಗಿ ಗೆದ್ದರು. ಅಮೆರಿಕದ ದೊಡ್ಡ ನಗರವೊಂದಕ್ಕೆ ಜನ ಚುನಾಯಿಸಿದ ಮೊದಲ ಕಪ್ಪು ಮೇಯರ್. ಅಷ್ಟೇ ಆದದ್ದು. ವಾಷಿಂಗ್ಟನ್‌ನಲ್ಲಿ ಗದ್ದಲ ಎದ್ದಿತು: ಫೌಂಡೇಶನ್ನಿನವರು ಚುನಾವಣೆಗೆ ಕೈ ಹಾಕಿದರು! 1969ರಲ್ಲಿ ತೆರಿಗೆ ಸುಧಾರಣಾ ಕಾಯ್ದೆ ಬಂತು. ತೆರಿಗೆ ಸಂಹಿತೆಯ 4945(ಎಫ್) ಅನ್ನೋ ಸೆಕ್ಷನ್. ಗುಮಾಸ್ತನಾದ ನನಗೆ ಇಂಥದ್ದನ್ನು ಓದೋ ಚಟ ಇದೆ, ಕ್ಷಮಿಸಿ.

ಅದು ಹೇಳೋದೇನು? ಖಾಸಗಿ ಫೌಂಡೇಶನ್ ಮತದಾರರ ನೋಂದಣಿಗೆ ಅಂತಲೇ ದುಡ್ಡು ಕೊಡಬೇಕಾದರೆ, ಪಡೆಯೋ ಸಂಸ್ಥೆ ಕನಿಷ್ಠ ಐದು ರಾಜ್ಯಗಳಲ್ಲಿ ಕೆಲಸ ಮಾಡುತ್ತಿರಬೇಕು. ಒಂದೇ ಚುನಾವಣೆಗೆ ಸೀಮಿತವಾಗಬಾರದು. ಒಂದೇ ಸಂಸ್ಥೆಯಿಂದ ಕಾಲು ಭಾಗಕ್ಕಿಂತ ಹೆಚ್ಚು ನೆರವು ಪಡೆದಿರಬಾರದು. ಕೊಟ್ಟ ದುಡ್ಡನ್ನು ಇಂಥಾ ರಾಜ್ಯದಲ್ಲೇ ಖರ್ಚು ಮಾಡು ಅಂತ ಕೊಟ್ಟವರು ಹೇಳುವ ಹಾಗಿಲ್ಲ.

ಓದೋಕೆ ಎಷ್ಟು ನ್ಯಾಯವಾಗಿದೆ ನೋಡಿ. ಕಪ್ಪು ಅನ್ನೋ ಪದವೇ ಇಲ್ಲ. ಆದರೆ ಐದು ರಾಜ್ಯಗಳಲ್ಲಿ ಕಚೇರಿ ಇರೋದು ಯಾರಿಗೆ? ಕ್ಲೀವ್‌ಲ್ಯಾಂಡಿನ ಒಂದು ಬೀದಿಯ ಸಂಘಕ್ಕಾ? ಚರ್ಚಿನ ನೆಲಮಾಳಿಗೆಯಲ್ಲಿ ಸೇರುವ ಇಪ್ಪತ್ತು ಗಂಡಸರಿಗಾ? ಒಂದು ಕೇರಿಯಲ್ಲಿ ಮೂವತ್ತು ವರ್ಷದಿಂದ ಎಲ್ಲರ ಹೆಸರು ಗೊತ್ತಿರುವ ಮನುಷ್ಯ ಆ ಸೆಕ್ಷನ್ನಿನ ಮುಂದೆ ಅನರ್ಹ. ಐದು ರಾಜ್ಯಗಳಲ್ಲಿ ಬೋರ್ಡು ಹಾಕಿಕೊಂಡು ಯಾವ ಕೇರಿಯಲ್ಲೂ ಯಾರ ಹೆಸರೂ ಗೊತ್ತಿಲ್ಲದ ಸಂಸ್ಥೆ ಅರ್ಹ. ಫೌಂಡೇಶನ್‌ಗಳು ಸಾಮಾನ್ಯ ನೆರವು ಅಂತ ಬೇರೆ ದಾರಿಯಲ್ಲಿ ಕೊಡಬಹುದು, ಕೊಡ್ತಾರೆ, ನಿಜ. ಆದರೆ ವಕೀಲರನ್ನು ಕೇಳಿ ಕೇಳಿ ಹೆದರಿಕೊಂಡು ಕೊಡ್ತಾರೆ. ಮಧ್ಯೆ ಒಂದು ದೊಡ್ಡ ಸಂಸ್ಥೆ ಬರುತ್ತೆ, ಅದರ ಕೆಳಗೆ ಇನ್ನೊಂದು. ಕೇರಿಗೆ ಬರುವ ಹೊತ್ತಿಗೆ ಕೊಡದಲ್ಲಿ ತಳ ಮುಚ್ಚುವಷ್ಟು ನೀರು. ಆ ವೋಟರ್ ಎಜುಕೇಶನ್ ಪ್ರಾಜೆಕ್ಟ್ ಕೂಡ ಈ ಕಾಯ್ದೆಯ ನಂತರ ತಾಯಿ ಸಂಸ್ಥೆಯಿಂದ ಬೇರೆಯಾಗಿ, ಜಾನ್ ಲೂಯಿಸ್ ನೇತೃತ್ವದಲ್ಲಿ 1970ರ ದಶಕವನ್ನು ಏದುಸಿರಿನಲ್ಲಿ ದಾಟಿ, 1992ರಲ್ಲಿ ಬಾಗಿಲು ಹಾಕಿತು.

ಅಣ್ಣಾ, ದುಡ್ಡು ಬಂದರೆ ಚಳವಳಿ ಸಾಯುತ್ತೆ ಅನ್ನೋದು ನಿಜವಾಗಿದ್ದರೆ ಕ್ಲೀವ್‌ಲ್ಯಾಂಡಿನ ದುಡ್ಡಿಗೆ ಅವರು ಯಾಕೆ ಅಷ್ಟು ಹೆದರಿದರು? ಕೊಡಲಿ, ಸಾಯಲಿ ಅಂತ ಬಿಡಬಹುದಿತ್ತಲ್ಲ.

ಫ್ಲಾರಿಡಾಗೆ ಬನ್ನಿ. ಗಂಡಸರೇ ಯಾಕೆ ಅನ್ನೋ ಪ್ರಶ್ನೆಗೆ ಅರ್ಧ ಉತ್ತರ ಅಲ್ಲಿದೆ. ನಮ್ಮಲ್ಲಿ ಜೈಲಿನ ಒಳಗಿದ್ದವರಿಗೆ ಓಟಿಲ್ಲ, ಅದೂ ಅನ್ಯಾಯವೇ, ಆದರೆ ಹೊರಗೆ ಬಂದ ಮೇಲೆ ಇದೆ. ಅಮೆರಿಕದ ಹಲವು ರಾಜ್ಯಗಳಲ್ಲಿ ಶಿಕ್ಷೆ ಮುಗಿಸಿ ಮನೆಗೆ ಬಂದವನಿಗೂ ಇಲ್ಲ. ದೇಶದಲ್ಲಿ ಹೀಗೆ ಅಪರಾಧದ ಹೆಸರಲ್ಲಿ ಓಟು ಕಳಕೊಂಡವರು ಸುಮಾರು 40 ಲಕ್ಷ, ವಯಸ್ಕ ಕಪ್ಪು ಜನರಲ್ಲಿ 22ಕ್ಕೆ ಒಬ್ಬರು ಅಂತ ಸೆಂಟೆನ್ಸಿಂಗ್ ಪ್ರಾಜೆಕ್ಟ್‌ನ 2024ರ ಲೆಕ್ಕ. ಜೈಲಿಗೆ ಹೋದವರಲ್ಲಿ ಗಂಡಸರೇ ಹೆಚ್ಚು, ಹಾಗಾಗಿ ಓಟು ಕಳಕೊಂಡವರಲ್ಲೂ ಅವರೇ ಹೆಚ್ಚು. ಫ್ಲಾರಿಡಾದಲ್ಲಿ ಡೆಸ್ಮಂಡ್ ಮೀಡ್ ಅನ್ನೋ, ಸ್ವತಃ ಜೈಲು ಕಂಡು ಬಂದ ಕಪ್ಪು ಮನುಷ್ಯನ ಮುಂದಾಳತ್ವದಲ್ಲಿ ಜನಮತಗಣನೆ ನಡೆದು, 2018ರಲ್ಲಿ ನೂರಕ್ಕೆ ಸುಮಾರು 65 ಜನ ಆ ಹಕ್ಕು ವಾಪಸ್ ಕೊಡಿ ಅಂತ ಓಟು ಹಾಕಿದರು. ಹದಿನಾಲ್ಕು ಲಕ್ಷ ಜನಕ್ಕೆ ಬಾಗಿಲು ತೆರೆಯಬೇಕಿತ್ತು. 2019ರಲ್ಲಿ ಶಾಸನಸಭೆ ಹೊಸ ಕಾನೂನು ಮಾಡಿತು: ಕೋರ್ಟಿನ ದಂಡ, ಶುಲ್ಕ ಪೂರ್ತಿ ಕಟ್ಟಿದ ಮೇಲೆ ಮಾತ್ರ. ಎಷ್ಟು ಬಾಕಿ ಅಂತ ತಿಳಿಯೋಕೆ ಸರಿಯಾದ ಒಂದು ಪಟ್ಟಿಯೂ ಸರ್ಕಾರದ ಹತ್ತಿರ ಇರಲಿಲ್ಲ. 2020ರಲ್ಲಿ ಕೇಂದ್ರದ ಮೇಲ್ಮನವಿ ಕೋರ್ಟು ಆ ಕಾನೂನು ಸರಿ ಅಂತು.

ಡಾಮರ್ ಅಂಗಡಿಯ ತಲೆಗಂದಾಯ ಬೇರೆ ಹೆಸರಲ್ಲಿ ಬಂತಾ ಇಲ್ವಾ?

ಆಗ ಮೈಕೆಲ್ ಬ್ಲೂಮ್‌ಬರ್ಗ್ 1.6 ಕೋಟಿ ಡಾಲರ್‌ಗೂ ಹೆಚ್ಚು ಕೂಡಿಸಿಕೊಟ್ಟರು, ಬಾಕಿ ಇದ್ದವರ ದಂಡ ಕಟ್ಟೋಕೆ. ರಾಜ್ಯದ ಅಟಾರ್ನಿ ಜನರಲ್ ಇದನ್ನು ತನಿಖೆ ಮಾಡಿ ಅಂತ ಎಫ್‌ಬಿಐಗೆ ಬರೆದರು. 2022ರ ಆಗಸ್ಟ್‌ನಲ್ಲಿ ಇಪ್ಪತ್ತು ಜನರನ್ನು ಅಕ್ರಮವಾಗಿ ಓಟು ಹಾಕಿದಿರಿ ಅಂತ ಹಿಡಿದರು, ಬಹುಪಾಲು ಕಪ್ಪು ಜನ. ಅವರ ಅಪರಾಧ ಆ ಹಕ್ಕು ವಾಪಸಾತಿಗೆ ಒಳಪಡದ ಬಗೆಯದು ಅನ್ನೋದು ಸರ್ಕಾರದ ವಾದ. ಅವರಲ್ಲಿ ಹಲವರ ಕೈಗೆ ಮತದಾರರ ಕಾರ್ಡು ಕೊಟ್ಟಿದ್ದೂ ಸರ್ಕಾರಿ ಕಚೇರಿಯೇ. ಆಮೇಲೆ ಪಕ್ಕದ ಮನೆಯವನು ಓಟು ಹಾಕೋಕೆ ಹೋಗ್ತಾನಾ? ಟಿವಿಯಲ್ಲಿ ಕೈಕೋಳ ನೋಡಿದ ಮೇಲೆ? ಅವನನ್ನು "ಆಸಕ್ತಿ ಇಲ್ಲದವನು" ಅಂತ ವರದಿಯಲ್ಲಿ ಬರೀತಾರೆ.

ಈ "ಆಸಕ್ತಿ ಇಲ್ಲ" ಅನ್ನೋ ಮಾತಿನ ಮೇಲೆ ನನಗೆ ವಿಪರೀತ ಸಿಟ್ಟು. 2024ರ ಅಕ್ಟೋಬರ್‌ನಲ್ಲಿ ಒಬಾಮಾ ಪಿಟ್ಸ್‌ಬರ್ಗ್‌ನಲ್ಲಿ ಕಪ್ಪು ಗಂಡಸರನ್ನು ಕೂರಿಸಿಕೊಂಡು, ಹೆಂಗಸು ಅಧ್ಯಕ್ಷೆ ಆಗೋದು ನಿಮಗೆ ಒಗ್ಗುತ್ತಿಲ್ಲ, ನೆಪ ಹೇಳ್ತಿದ್ದೀರಿ ಅನ್ನೋ ಅರ್ಥದಲ್ಲಿ ಬೈದರು. ಕೊನೆಗೆ ಏನಾಯ್ತು? ಎಕ್ಸಿಟ್ ಪೋಲ್ ಪ್ರಕಾರ ಕಪ್ಪು ಗಂಡಸರಲ್ಲಿ ನಾಲ್ವರಲ್ಲಿ ಮೂವರು ಹ್ಯಾರಿಸ್‌ಗೇ ಹಾಕಿದ್ದರು. ಬಿಳಿ ಗಂಡಸರಲ್ಲಿ ಹೆಚ್ಚಿನವರು ಟ್ರಂಪ್‌ಗೆ. ಬೈಗುಳ ಯಾರಿಗೆ ಸಿಕ್ಕಿತು? ಇದು ನಮಗೆ ಹೊಸದಾ? ಊರಲ್ಲಿ ಮೇಲಿನ ಬೀದಿಯವರು ಹೇಗೆ ಬೇಕಾದರೂ ಓಟು ಹಾಕಲಿ, "ಓಟು ಮಾರಿಕೊಂಡರು" ಅನ್ನೋ ಮಾತು ಬರೋದು ನಮ್ಮ ಕೇರಿಗೆ.

ಇನ್ನು ಗಂಡಸರಿಗೆ ಮಾತ್ರ ಯಾಕೆ ಅಂತ ನಮ್ಮ ಅಕ್ಕಂದಿರು ಕೇಳೋದು ನ್ಯಾಯ. ಅಲ್ಲೂ ಕೇಳಿದ್ದಾರೆ. 2014ರಲ್ಲಿ ಒಬಾಮಾ 'ಮೈ ಬ್ರದರ್ಸ್ ಕೀಪರ್' ಶುರು ಮಾಡಿದಾಗ ಫೌಂಡೇಶನ್‌ಗಳು ಐದು ವರ್ಷಕ್ಕೆ 20 ಕೋಟಿ ಡಾಲರ್ ಕೊಡ್ತೀವಿ ಅಂದವು. ಸಾವಿರಕ್ಕೂ ಹೆಚ್ಚು ಹೆಂಗಸರು ಸಹಿ ಹಾಕಿ ಪತ್ರ ಬರೆದರು, ನಮ್ಮ ಹೆಣ್ಣುಮಕ್ಕಳು ಎಲ್ಲಿ ಅಂತ. ಕಿಂಬರ್ಲೆ ಕ್ರೆನ್‌ಶಾ ಮುಂಚೂಣಿಯಲ್ಲಿದ್ದರು. ಅದಕ್ಕೂ ಮೊದಲು ಇನ್ನೂರು ಕಪ್ಪು ಗಂಡಸರೇ ಅದೇ ಪ್ರಶ್ನೆ ಎತ್ತಿ ಪತ್ರ ಬರೆದಿದ್ದರು. ನನ್ನ ನಿಲುವು ಹೇಳಿಬಿಡ್ತೀನಿ: ಕಪ್ಪು ಹೆಂಗಸರು ಕಪ್ಪು ಗಂಡಸರಿಗಿಂತ ಹೆಚ್ಚು ಪ್ರಮಾಣದಲ್ಲಿ ಓಟು ಹಾಕುತ್ತಾ ಬಂದಿದ್ದಾರೆ. ಜಾನ್ಸ್ ಐಲೆಂಡಿನ ಆ ಮೂವರು ಗಂಡಸರನ್ನು ನೆನೆಸಿಕೊಳ್ಳಿ. ಹಾಗಾಗಿ ಗಂಡಸರ ಹತ್ತಿರ ಬೇರೆಯಾಗಿ ಹೋಗಿ ಮಾತಾಡೋ ಕೆಲಸ ಬೇಕು. ಆದರೆ ಹೆಂಗಸರ ಪಾಲಿನ ತಟ್ಟೆಯಿಂದ ತೆಗೆದು ಕೊಡಬಾರದು. ಬೇರೆ ತಟ್ಟೆ ತನ್ನಿ, ದುಡ್ಡಿಗೇನು ಬರವಾ ಆ ಫೌಂಡೇಶನ್‌ಗಳಿಗೆ.

ಆ ಮಾತುಕತೆ ನಡೆಯೋದು ಎಲ್ಲಿ? ಬಹಳ ಕಡೆ ಕಟಿಂಗ್ ಶಾಪಿನಲ್ಲಿ. ಅಲ್ಲಿ ಕ್ಷೌರದಂಗಡಿ ಅಂದರೆ ಕಪ್ಪು ಗಂಡಸರ ಪಂಚಾಯ್ತಿ ಕಟ್ಟೆ. ನೋಂದಣಿ ಫಾರಂ ಅಲ್ಲೇ ಇಡ್ತಾರೆ, ಜಗಳ ಅಲ್ಲೇ ಆಗುತ್ತೆ. ಇದನ್ನು ಓದುವಾಗ ನಾನು ಒಂದು ಕ್ಷಣ ನಿಲ್ಲಬೇಕಾಯ್ತು. ನಮ್ಮ ಎಷ್ಟೋ ಹಳ್ಳಿಗಳಲ್ಲಿ ಇವತ್ತಿಗೂ ನಮ್ಮವರಿಗೆ ಆ ಕುರ್ಚಿಯಲ್ಲಿ ಕೂರೋಕೆ ಬಿಡಲ್ಲ. ಅದು ಬೇರೆ ಪೋಸ್ಟು.

ದುಡ್ಡಿನ ಬಾಗಿಲು ಈಗ ಇನ್ನೂ ಕಿರಿದಾಗ್ತಿದೆ. ಅಟ್ಲಾಂಟಾದ ಫಿಯರ್‌ಲೆಸ್ ಫಂಡ್ ಕಪ್ಪು ಹೆಂಗಸರ ಸಣ್ಣ ಉದ್ಯಮಗಳಿಗೆ 20,000 ಡಾಲರ್ ಅನುದಾನ ಕೊಡುತ್ತಿತ್ತು. ಎಡ್ವರ್ಡ್ ಬ್ಲಮ್ ಎಂಬಾತನ ಸಂಘಟನೆ, ಇದು ಜನಾಂಗ ತಾರತಮ್ಯ ಅಂತ ಕೇಸು ಹಾಕಿತು. ಬಳಸಿದ ಕಾನೂನು ಯಾವುದು ಗೊತ್ತಾ? ಗುಲಾಮಗಿರಿಯಿಂದ ಬಿಡುಗಡೆಯಾದವರ ರಕ್ಷಣೆಗೆ ಅಂತ 1866ರಲ್ಲಿ ಬಂದ ನಾಗರಿಕ ಹಕ್ಕು ಕಾಯ್ದೆ. 2024ರ ಜೂನ್‌ನಲ್ಲಿ ಕೋರ್ಟು ಅನುದಾನಕ್ಕೆ ತಡೆ ಮುಂದುವರಿಸಿತು. ಫ್ಲಾರಿಡಾದ ದಂಡದ ಕಾನೂನನ್ನು ಎತ್ತಿಹಿಡಿದ ಅದೇ ಮೇಲ್ಮನವಿ ಕೋರ್ಟು. ಸೆಪ್ಟೆಂಬರ್‌ನಲ್ಲಿ ರಾಜಿಯಾಗಿ ಆ ಅನುದಾನ ಯೋಜನೆಯೇ ಮುಚ್ಚಿತು. ಅದು ವ್ಯಾಪಾರದ ಅನುದಾನ, ಓಟಿನದಲ್ಲ. ಆದರೆ "ಕಪ್ಪು ಗಂಡಸರಿಗೆ" ಅಂತ ಅರ್ಜಿಯ ಮೇಲೆ ಬರೆಯೋಕೂ ಫೌಂಡೇಶನ್ನಿನ ವಕೀಲರು ಇನ್ನು ಎರಡು ಸಲ ಯೋಚಿಸ್ತಾರೆ. ಅಟ್ರಾಸಿಟಿ ಕಾಯ್ದೆ ನಮ್ಮ ಮೇಲೇ ತಿರುಗಿಸಿದ ಹಾಗೆ ಅಂದುಕೊಳ್ಳಿ.

ಕೊಡುವವರಿಗೂ ನನ್ನ ಜಗಳ ಇದೆ. ಚುನಾವಣೆಗೆ ಮೂರು ತಿಂಗಳು ಇರುವಾಗ ಮಳೆ ಸುರಿದ ಹಾಗೆ ದುಡ್ಡು, ಫಲಿತಾಂಶದ ಮಾರನೇ ದಿನ ಬರ. ಕಪ್ಪು ಗಂಡಸರ ಏಳಿಗೆಗೆ ಅಂತಲೇ 2008ರಲ್ಲಿ ಒಂದು ದೊಡ್ಡ ಫೌಂಡೇಶನ್ನಿನೊಳಗೆ ಹುಟ್ಟಿದ ಕ್ಯಾಂಪೇನ್ ಫಾರ್ ಬ್ಲ್ಯಾಕ್ ಮೇಲ್ ಅಚೀವ್‌ಮೆಂಟ್ ಕೂಡ 2021ರಲ್ಲಿ ಮುಚ್ಚಿತು. ಅದನ್ನು ನಂಬಿ ಕಟ್ಟಿಕೊಂಡ ಊರೂರಿನ ಸಂಘಗಳು ಮತ್ತೆ ಹೊಸ ಬಾಗಿಲು ತಟ್ಟಬೇಕು, ಹೊಸ ನಮೂನೆ ತುಂಬಬೇಕು. ಬೇರೆ ರೀತಿ ಮಾಡೋರೂ ಇದ್ದಾರೆ. ಲಟೋಷಾ ಬ್ರೌನ್, ಕ್ಲಿಫ್ ಆಲ್‌ಬ್ರೈಟ್ ಕಟ್ಟಿದ ಬ್ಲ್ಯಾಕ್ ವೋಟರ್ಸ್ ಮ್ಯಾಟರ್, ಅದೇ ಊರಲ್ಲಿ ಮೊದಲಿಂದ ಕೆಲಸ ಮಾಡ್ತಿರೋ ಸಣ್ಣ ಸಂಘಗಳಿಗೇ ದುಡ್ಡು ಮುಟ್ಟಿಸುತ್ತೆ. 2017ರ ಡಿಸೆಂಬರ್‌ನಲ್ಲಿ ಅಲಬಾಮಾ ಸೆನೆಟ್ ಉಪಚುನಾವಣೆಯಲ್ಲಿ ಡಗ್ ಜೋನ್ಸ್ ಗೆದ್ದಾಗ ಇಂಥ ಸಂಘಗಳು ಕಪ್ಪು ಹಳ್ಳಿಗಳಲ್ಲಿ ಮನೆ ಮನೆ ತಿರುಗಿದ್ದವು.

ನನಗೂ ಒಂದು ಅನುಭವ ಇದೆ. ಒಂದು ಚುನಾವಣೆಗೆ ಎರಡು ತಿಂಗಳು ಮೊದಲು ಒಂದು ಸಂಸ್ಥೆಯವರು ನಮ್ಮ ಕೇರಿಗೆ ಮತದಾನ ಜಾಗೃತಿಗೆ ಬಂದರು. ಬ್ಯಾನರ್, ಟೋಪಿ, ಟೀ ಶರ್ಟು, ಬೀದಿ ನಾಟಕ. ನಮ್ಮ ಹುಡುಗರು ಮೂವತ್ತೆಂಟು ಹೊಸ ಹೆಸರು ಹುಡುಕಿಕೊಟ್ಟರು, ಹೆಸರು ಬಿಟ್ಟುಹೋದವರ ಪಟ್ಟಿಯನ್ನೂ ಮಾಡಿದರು. ಆ ಪಟ್ಟಿ ಹಿಡಿದು ತಾಲ್ಲೂಕು ಕಚೇರಿಗೆ ಬನ್ನಿ ಅಂದರೆ, "ಸರ್, ಅದು ನಮ್ಮ ಪ್ರಾಜೆಕ್ಟ್ ವ್ಯಾಪ್ತಿಗೆ ಬರಲ್ಲ" ಅಂದರು. ಫೋಟೋ ತೆಗೆದುಕೊಂಡು ಹೋದರು. ಆ ಟೀ ಶರ್ಟು ಈಗ ನನ್ನ ಸ್ಕೂಟರ್ ಒರೆಸುತ್ತೆ. ಹಾಗಂತ ಆ ಹುಡುಗರ ಪೆಟ್ರೋಲ್ ಖರ್ಚು ಯಾರೂ ಕೊಡಬಾರದಿತ್ತು ಅಂತ ನಾನು ಹೇಳಲಾ? ಮುಂದಿನ ಹತ್ತು ವರ್ಷ ಕೊಡಬೇಕಿತ್ತು, ಮತ್ತು ಏನು ಮಾಡಬೇಕು ಅಂತ ಅವರನ್ನೇ ಕೇಳಬೇಕಿತ್ತು.

ಕೊನೆಗೆ ಜೋಳಿಗೆಯ ಮಾತು. ಅಣ್ಣಾ, ಇದು ಕಷ್ಟದ ಮಾತು, ಬೇಜಾರು ಮಾಡ್ಕೋಬೇಡಿ. ನಾವು ಯಾರ ದುಡ್ಡೂ ಇಲ್ಲದೆ ಚಳವಳಿ ಕಟ್ಟಿದೆವು ಅಂತೀರಿ. ನೀವು ಮೇಷ್ಟ್ರು, ತಿಂಗಳಾದರೆ ಸಂಬಳ ಬರ್ತಿತ್ತು. ನಾನು ಗುಮಾಸ್ತ, ನನಗೂ ಬರುತ್ತೆ. ನಿಮ್ಮ ಜತೆ ಹಳ್ಳಿ ಹಳ್ಳಿಗೆ ಸೈಕಲ್ ತುಳಿದ ನಿಮ್ಮ ಗೆಳೆಯರು, ಪೂರ್ಣಾವಧಿ ಕಾರ್ಯಕರ್ತರು, ಅವರಿಗೆ ಏನು ಬರ್ತಿತ್ತು? ಅವರ ಮನೆಯಲ್ಲಿ ಅಕ್ಕ ಬೀಡಿ ಕಟ್ಟಿ ನಾಲ್ಕು ಮಕ್ಕಳನ್ನು ಸಾಕಿದರು. ಕಿವಿಯ ಓಲೆ ಗಿರವಿಗೆ ಹೋದದ್ದು ವಾಪಸ್ ಬರಲಿಲ್ಲ. ನಮ್ಮ ಚಳವಳಿಗೂ ಗ್ರ್ಯಾಂಟ್ ಇತ್ತು, ಕೊಟ್ಟದ್ದು ಆ ಅಕ್ಕ. ಬಳಕೆ ಪ್ರಮಾಣ ಪತ್ರ ಕೇಳಲಿಲ್ಲ ಅವರು, ನಾವೂ ಕೊಡಲಿಲ್ಲ.

ಆ ಲೌಂಡ್ಸ್ ಜಿಲ್ಲೆಯಲ್ಲಿ ಕಪ್ಪು ಜನ ನೂರಕ್ಕೆ ಎಂಬತ್ತು. 1965ರ ಶುರುವಿನಲ್ಲಿ ಅವರಲ್ಲಿ ಒಬ್ಬರ ಹೆಸರೂ ಮತದಾರರ ಪಟ್ಟಿಯಲ್ಲಿರಲಿಲ್ಲ. ಮಾರನೇ ವರ್ಷ ಅವರದೇ ಪಕ್ಷ ಕಟ್ಟಿದರು. ಓದು ಬಾರದವರೂ ಗುರುತು ಹಿಡಿಯಲಿ ಅಂತ ಅಲಬಾಮಾದಲ್ಲಿ ಪಕ್ಷಗಳಿಗೆ ಚಿಹ್ನೆ ಬೇಕಿತ್ತು, ನಮ್ಮಲ್ಲಿ ಇರುವ ಹಾಗೇ. ಅವರು ಆರಿಸಿಕೊಂಡದ್ದು ಕಪ್ಪು ಚಿರತೆ. ಆ ಚಿರತೆ ಓಕ್‌ಲ್ಯಾಂಡಿಗೆ ಹೋಗಿ ಬ್ಲ್ಯಾಕ್ ಪ್ಯಾಂಥರ್ ಆಯ್ತು, 1972ರಲ್ಲಿ ಬೊಂಬಾಯಿಗೆ ಬಂದು ದಲಿತ್ ಪ್ಯಾಂಥರ್ ಆಯ್ತು. ನಿಮ್ಮ ಮನೆ ಗೋಡೆಯ ಮೇಲೆ ಅದರ ಚಿತ್ರ ಇದೆ, ನಾನೇ ನೋಡಿದ್ದೀನಿ. ಅದು ಮೊದಲು ಓಟಿನ ಚೀಟಿಯ ಮೇಲೆ ಹುಟ್ಟಿದ್ದು ಅಣ್ಣಾ, ಟೆಂಟಿನಲ್ಲಿ ಮಲಗಿದವರ ಓಟಿನ ಚೀಟಿ.

ಮುಂದಿನ ಭಾನುವಾರ ಹತ್ತು ಗಂಟೆಗೆ ಅಂಬೇಡ್ಕರ್ ಭವನದಲ್ಲೇ ಕೂಟ. ಆ ಹುಡುಗನಿಗೆ ಫೋನ್ ಮಾಡಿದ್ದೀನಿ, ಮಡಚಿಟ್ಟ ಕಾಗದ ತರ್ತಾನೆ, ಈ ಸಲ ಪೂರ್ತಿ ಓದೋಕೆ ಬಿಡಬೇಕು. ಆ ತೆರಿಗೆ ಸೆಕ್ಷನ್ನನ್ನು ನಾನು ಕನ್ನಡ ಮಾಡಿ ತರ್ತೀನಿ. ಅಣ್ಣಾ, ನೀವು ಹಳೇ ಜೋಳಿಗೆಯ ಲೆಕ್ಕದ ಪುಸ್ತಕ ತನ್ನಿ. ಅಕ್ಕನನ್ನೂ ಕರೆದಿದ್ದೀನಿ, ಬರ್ತೀನಿ ಅಂದಿದ್ದಾರೆ.

ಜೈ ಭೀಮ್.